ದಿನಾ ಕಿಸೆಯಲ್ಲಿಡಲು ಹಗುರವಾದ ಮಲ್ಟಿಟೂಲ್ ಚಾಕು: ಯಾವುದು ತಗೊಳ್ಳಲಿ?

ಸಾಗರದ ಹುಡುಗ

ಎಲ್ಲರಿಗೂ ನಮಸ್ಕಾರ. ದಿನಾ ಪ್ಯಾಂಟ್ ಕಿಸೆಯಲ್ಲಿ ಇಟ್ಟುಕೊಳ್ಳಲು ಒಂದು ಮಡಚುವ ಚಾಕು ಬೇಕು. ಬರೀ ಚಾಕು ಅಲ್ಲ, ಜೊತೆಗೆ ಕತ್ತರಿ, ಸ್ಕ್ರೂಡ್ರೈವರ್, ಇಂಥವೂ ಇರಬೇಕು. ವಾರದಲ್ಲಿ ಐದು ದಿನ ಬೆಂಗಳೂರಿನಲ್ಲಿ ಆಫೀಸು, ಎರಡು ವಾರಕ್ಕೊಮ್ಮೆ ಊರು. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಊರಲ್ಲಿ ಕತ್ತಿಗೇನೂ ಬರವಿಲ್ಲ, ಆದರೆ ಬೇಕಾದ ಹೊತ್ತಿಗೆ ಅದು ಮನೆಯಲ್ಲಿರುತ್ತದೆ, ನಾನು ತೋಟದ ಕೆಳಗಿನ ತುದಿಯಲ್ಲಿರುತ್ತೇನೆ.

ಹೋದ ವರ್ಷ ಫುಟ್‌ಪಾತ್ ಅಂಗಡಿಯೊಂದರಲ್ಲಿ ಹನ್ನೊಂದು ಕೆಲಸ ಮಾಡುತ್ತೆ ಅಂತ ಹೇಳಿ ಕೊಟ್ಟ ಒಂದು ದಪ್ಪ ಟೂಲ್ ತಗೊಂಡಿದ್ದೆ. ಸ್ವಿಚ್‌ಬೋರ್ಡಿನ ಸ್ಕ್ರೂ ಬಿಚ್ಚಲು ಹೋದರೆ ಸ್ಕ್ರೂ ಅಲ್ಲಾಡಲಿಲ್ಲ, ಡ್ರೈವರಿನ ತುದಿಯೇ ತಿರುಚಿಕೊಂಡಿತು. ಭಾರ ಬೇರೆ. ಕೂತಾಗ ತೊಡೆಗೆ ಒತ್ತುತ್ತಿತ್ತು, ನಡೆದರೆ ಕಿಸೆ ಜಗ್ಗುತ್ತಿತ್ತು. ಒಂದು ತಿಂಗಳೊಳಗೆ ಮೇಜಿನ ಡ್ರಾಯರ್ ಸೇರಿತು, ಈಗಲೂ ಅಲ್ಲೇ ಇದೆ.

ಈ ಸಲ ಸರಿಯಾದ್ದನ್ನೇ ತಗೊಳ್ಳಬೇಕು ಅಂತಿದ್ದೇನೆ. 100 ಗ್ರಾಂ ಒಳಗಿರಬೇಕು. ಬಳಸಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಗ್ಯಾರೇಜ್

ಇಕ್ಕಳ ಇಲ್ಲದ್ದನ್ನ ಮಲ್ಟಿಟೂಲ್ ಅನ್ನಬ್ಯಾಡ್ರೀ. ಚಾಕು ಎಲ್ಲಿ ಬೇಕಾದರೂ ಸಿಗುತ್ತದೆ. ಬೈಕಿನ ಕ್ಲಚ್ ವೈರ್ ಹಿಡಿದು ಎಳೆಯಬೇಕು, ಬಿಸಿ ನಟ್ಟು ತಿರುಗಿಸಬೇಕು ಅಂದಾಗ ಬೆರಳು ಸಾಲುವುದಿಲ್ಲ. ಲೆದರ್‌ಮನ್ ಸ್ಕೆಲಿಟೂಲ್ ನೋಡಿ. ನಾನು ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದೇನೆ. ಇಕ್ಕಳ, ವೈರ್ ಕಟರ್, ಒಂದೇ ಕೈಯಲ್ಲಿ ತೆರೆಯುವ ಚಾಕು, ತುದಿ ಬದಲಿಸಿ ಹಾಕುವ ಸ್ಕ್ರೂಡ್ರೈವರ್, ಇಷ್ಟೇ. ಹಿಡಿಯಲ್ಲಿ ಅಲ್ಲಲ್ಲಿ ತೂತು ಬಿಟ್ಟು ಭಾರ ಕಡಿಮೆ ಮಾಡಿದ್ದಾರೆ. 142 ಗ್ರಾಂ.

ಈ ಟೂಲ್ ಹುಟ್ಟಿದ್ದು ಹೇಗೆ ಗೊತ್ತೇನ್ರೀ? ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿ ಜೊತೆ ಯುರೋಪ್ ಸುತ್ತುತ್ತಿದ್ದರು. ಒಂದು ಹಳೇ ಫಿಯೆಟ್ ಕಾರು. ದಾರಿಯುದ್ದಕ್ಕೂ ಅದು ಕೆಡೋದು, ಇವರ ಕಿಸೆಯಲ್ಲಿ ಬರೀ ಒಂದು ಸ್ಕೌಟ್ ಚಾಕು. ಇದರ ಜೊತೆ ಒಂದು ಇಕ್ಕಳ ಇದ್ದಿದ್ದರೆ ಅಂತ ಅನ್ನಿಸಿತು. ವಾಪಸ್ ಬಂದು ವರ್ಷಗಟ್ಟಲೆ ಮಾದರಿ ಮಾಡುತ್ತಾ ಕೂತರು. ಮೊದಲ ಟೂಲ್ ಮಾರಾಟಕ್ಕೆ ಬಂದದ್ದು 1983ರಲ್ಲಿ. ದಾರಿ ಮೇಲೆ ಗಾಡಿ ಕೆಟ್ಟವನಿಗೇ ಇದರ ಬೆಲೆ ಗೊತ್ತು.

ಕಿಸೆಗತ್ತಿ

ಗ್ಯಾರೇಜ್ ಅಣ್ಣ ಹೇಳಿದ್ದು ಅವರ ಕೆಲಸಕ್ಕೆ ನೂರಕ್ಕೆ ನೂರು ಸರಿ. ಆದರೆ ಸಾಗರದವರು 100 ಗ್ರಾಂ ಒಳಗೆ ಅಂದಿದ್ದಾರೆ, ಸ್ಕೆಲಿಟೂಲ್ ಅದನ್ನು ಆಗಲೇ ದಾಟಿತು. ಇನ್ನೊಂದು ಮಾತು, ಅದರಲ್ಲಿ ಕತ್ತರಿ ಇಲ್ಲ.

ನಾನು ಹನ್ನೆರಡು ವರ್ಷದಿಂದ ದಿನಾ ಒಂದಲ್ಲ ಒಂದು ಚಾಕು ಕಿಸೆಯಲ್ಲಿ ಇಟ್ಟುಕೊಂಡವನು, ಬೇರೆ ಬೇರೆ ಆರು ಬಳಸಿದ್ದೇನೆ. ಮಾಡೆಲ್ ಹೆಸರು ಆಮೇಲೆ. ಮೊದಲು ಎರಡು ಕೆಲಸ ಮಾಡಿ.

ಒಂದು, ಭಾರ ಪರೀಕ್ಷೆ. ನಮ್ಮ 10 ರೂಪಾಯಿ ನಾಣ್ಯ 7.7 ಗ್ರಾಂ ಚಿಲ್ಲರೆ ತೂಗುತ್ತದೆ. ಮೂರು ನಾಣ್ಯ ಒಂದು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಟೇಪ್ ಸುತ್ತಿ ಕಿಸೆಯಲ್ಲಿಟ್ಟುಕೊಂಡು ಒಂದು ದಿನ ಓಡಾಡಿ. ಅದು ಹೆಚ್ಚು ಕಡಿಮೆ ಸ್ವಿಸ್ ಚಾಕು ಕಂಪನಿ ವಿಕ್ಟೋರಿನಾಕ್ಸ್‌ನ ಕ್ಲಾಸಿಕ್ ಮಾಡೆಲ್‌ನ ಭಾರ, ಅಂದರೆ 21 ಗ್ರಾಂ ಆಸುಪಾಸು. ಆರು ನಾಣ್ಯ ಹಾಕಿದರೆ ಅದೇ ಕಂಪನಿಯ ಕ್ಯಾಡೆಟ್, ಎಂಟಕ್ಕೆ ಸ್ವಲ್ಪ ಮೇಲೆ ಅವರದ್ದೇ ಕಾಂಪ್ಯಾಕ್ಟ್. ಹದಿನೆಂಟು ಹಾಕಿದರೆ ಸ್ಕೆಲಿಟೂಲ್. ಹದಿನೆಂಟು ನಾಣ್ಯ ಹಾಕಿಕೊಂಡು ಬಸ್ಸಿನಲ್ಲಿ ಕೂತು ಎದ್ದು ನೋಡಿ, ನಿಮಗೇ ತಿಳಿಯುತ್ತದೆ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಯಾವುದೂ ಭಾರ ಅನ್ನಿಸುವುದಿಲ್ಲ. ಹತ್ತು ಗಂಟೆ ಕಿಸೆಯಲ್ಲಿದ್ದಾಗಲೇ ಗೊತ್ತಾಗೋದು.

ಎರಡನೇದು ಇನ್ನೂ ಮುಖ್ಯ. ಎರಡು ವಾರ ಏನೂ ಕೊಳ್ಳಬೇಡಿ. "ಈಗ ಒಂದು ಚಾಕು ಇದ್ದಿದ್ದರೆ" ಅಂತ ಅನ್ನಿಸಿದಾಗಲೆಲ್ಲ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಏನು ಕೆಲಸ, ಎಲ್ಲಿ, ಯಾವ ಸಾಧನ ಬೇಕಿತ್ತು. ನಾವು ಕೊಳ್ಳುವಾಗ ಕಾಡಿನಲ್ಲಿ ಸಿಕ್ಕಿಹಾಕಿಕೊಂಡಂತೆ ಯೋಚಿಸುತ್ತೇವೆ, ಬಳಸೋದು ಮಾತ್ರ ಕೊರಿಯರ್ ಡಬ್ಬಿ ಬಿಚ್ಚಲು. ಆ ಪಟ್ಟಿ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಚಾರಣದ ಗೆಳತಿ

ಕತ್ತರಿ ವಿಷಯಕ್ಕೆ ನನ್ನದೂ ಒಂದು ಮಾತು. ಕುರ್ತಾಗೆ ಕಿಸೆ ಇದ್ದರೆ ಪುಣ್ಯ, ಸೀರೆಗಂತೂ ಇಲ್ಲ. ಹಾಗಾಗಿ ನನ್ನದು ಪರ್ಸಿನಲ್ಲಿ ಬೀಗದ ಕೈ ಗೊಂಚಲಿಗೇ ಸೇರಿಸಿಕೊಳ್ಳುವಷ್ಟು ಸಣ್ಣದಿರಬೇಕಿತ್ತು. ಲೆದರ್‌ಮನ್ ಮೈಕ್ರಾ ಇಟ್ಟುಕೊಂಡಿದ್ದೇನೆ, 51 ಗ್ರಾಂ. ದೊಡ್ಡ ಲೆದರ್‌ಮನ್‌ಗಳಲ್ಲಿ ಇಕ್ಕಳ ಇರುವ ಜಾಗದಲ್ಲಿ ಇದಕ್ಕೆ ಕತ್ತರಿ ಇದೆ, ಬಿಡಿಸಿದರೆ ಕೈತುಂಬ ಹಿಡಿಯಬಹುದಾದ ಒಳ್ಳೇ ಕತ್ತರಿ. ಗಾಯಕ್ಕೆ ಹಾಕುವ ಟೇಪ್ ಕತ್ತರಿಸೋದು, ಮಾತ್ರೆ ಪಟ್ಟಿಯಿಂದ ಎರಡು ಮಾತ್ರೆ ಬೇರೆ ಮಾಡೋದು, ಬಟ್ಟೆಯ ದಾರ, ಮಕ್ಕಳ ಉಗುರು, ಹಾಲಿನ ಪ್ಯಾಕೆಟ್. ಕುದುರೆಮುಖ ಹತ್ತಿದಾಗ ಗುಂಪಿನಲ್ಲಿ ಒಬ್ಬರ ಶೂ ಅಡಿ ಬಿಟ್ಟುಕೊಂಡಿತು. ಟೇಪ್ ಸುತ್ತಿ ಹಗ್ಗ ಕಟ್ಟಿ ಇಳಿಸಿಕೊಂಡು ಬಂದೆವು, ಆಗಲೂ ಕೈಗೆ ಬಂದದ್ದು ಕತ್ತರಿಯೇ.

ಇನ್ನೊಂದು ಅನುಕೂಲ ಇದೆ. ನಾಲ್ಕು ಜನರ ನಡುವೆ ಚಾಕು ತೆರೆದರೆ ಪಕ್ಕದವರು ಹಿಂದೆ ಸರಿಯುತ್ತಾರೆ. ಕತ್ತರಿ ತೆಗೆದರೆ "ಆಮೇಲೆ ನನಗೂ ಕೊಡಿ" ಅನ್ನುತ್ತಾರೆ.

ಕರಾವಳಿ ಮೆಟ್ಟುಕತ್ತಿ

ನಾನು ಒಪಿನೆಲ್ ಬಗ್ಗೆ ಹೇಳಬೇಕು ಮಾರಾಯ್ರೆ. ಫ್ರಾನ್ಸಿನದ್ದು, 1890ರಿಂದ ಮಾಡುತ್ತಿದ್ದಾರೆ, ಮರದ ಹಿಡಿ, ಒಂದೇ ಅಲಗು, ತುಂಬಾ ಹಗುರ. ಮಲ್ಟಿಟೂಲ್ ಅಲ್ಲ, ಗೊತ್ತು. ಆದರೆ ಹಣ್ಣು ಕೊಯ್ಯಲು ಅದರಷ್ಟು ಖುಷಿ ಕೊಡುವ ಚಾಕು ನಾನು ನೋಡಲಿಲ್ಲ. ನಾನು ತಗೊಂಡದ್ದು ಕಾರ್ಬನ್ ಸ್ಟೀಲಿನದ್ದು, ಅಲ್ಲೇ ನನ್ನ ತಪ್ಪಾಯಿತು. ಉಡುಪಿಯ ಮಳೆಗಾಲದಲ್ಲಿ ಎರಡು ದಿನ ಒರೆಸದೆ ಬಿಟ್ಟೆ, ಕೆಂಪು ತುಕ್ಕು ಬಂತು. ಮಾವಿನಕಾಯಿ ಕೊಯ್ದರೆ ಅಲಗು ಕಪ್ಪು, ಹೋಳಿಗೂ ಕಬ್ಬಿಣದ ವಾಸನೆ. ಮರದ ಹಿಡಿ ತೇವ ಕುಡಿದು ಉಬ್ಬಿ, ಅಲಗು ಹೊರಗೆ ತೆಗೆಯಲಿಕ್ಕೇ ಆಗುತ್ತಿರಲಿಲ್ಲ. ಸಾಗರದಲ್ಲೂ ಮಳೆ ಜೋರು, ಜೊತೆಗೆ ಹಸಿ ಅಡಿಕೆಯ ಚೊಗರು. ಸ್ಟೇನ್‌ಲೆಸ್ ಸ್ಟೀಲೇ ತಗೊಳ್ಳಿ, ಬೇರೆ ಆಲೋಚನೆ ಬೇಡ.

ಸಾಗರದ ಹುಡುಗ

ಇಷ್ಟು ಬೇಗ ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕಿಸೆಗತ್ತಿ ಸರ್, ನಾಣ್ಯ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಹದಿನೆಂಟು ಮೊದಲ ದಿನವೇ ತೆಗೆದುಹಾಕಿದೆ. ಎಂಟು ನಾಣ್ಯ ಪರವಾಗಿಲ್ಲ, ಮಧ್ಯಾಹ್ನದ ಮೇಲೆ ಮರೆತೇ ಹೋಗುತ್ತದೆ. ಪಟ್ಟಿಯೂ ಶುರು ಮಾಡಿದೆ.

ಒಂದು ತೊಡಕು ಮೊದಲೇ ಹೇಳಬೇಕಿತ್ತು. ನಾನು ಆಫೀಸಿಗೆ ಹೋಗೋದು ಮೆಟ್ರೋದಲ್ಲಿ. ಆ ಹಳೇ ಟೂಲ್ ಇದ್ದಾಗ ಒಂದು ಸಲ ತಪಾಸಣೆಯಲ್ಲಿ ನಿಲ್ಲಿಸಿದ್ದರು. ಅವರದೇನೂ ತಪ್ಪಿಲ್ಲ, ಮರ್ಯಾದೆಯಿಂದಲೇ ಮಾತಾಡಿದರು, ಆದರೆ ಒಳಗೆ ಬಿಡಲಿಲ್ಲ. ವಾಪಸ್ ಬಂದು ಆಟೋ ಹಿಡಿದೆ. ದಿನಾ ಇಟ್ಟುಕೊಳ್ಳೋದು ಅಂದಮೇಲೆ ಇದಕ್ಕೇನು ಮಾಡೋದು?

ಕಿಸೆಗತ್ತಿ

ಇದು ದೊಡ್ಡ ವಿಷಯ, ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆ ಇಡಬೇಕು.

ಕಾನೂನು ಒಂದು. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಭರ್ಜಿಗಳ ಸಾಲಿಗೆ ಬರುವ ಚಾಕು ಯಾವುದು ಅಂದರೆ, ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವಂಥದ್ದು. ಅದರಲ್ಲೂ ಮನೆಗೆಲಸಕ್ಕೆ, ಕೃಷಿಗೆ, ವಿಜ್ಞಾನ ಮತ್ತು ಕೈಗಾರಿಕೆ ಕೆಲಸಕ್ಕೆ ಅಂತಲೇ ಮಾಡಿದವನ್ನು ಹೊರಗಿಟ್ಟಿದ್ದಾರೆ. ನಾವು ಮಾತಾಡುತ್ತಿರುವ ಚಾಕುಗಳ ಅಲಗು ಮೂರು ಅಂಗುಲವೂ ಇಲ್ಲ. ಹಾಗಾಗಿ ಆ ಪಟ್ಟಿಯ ಹತ್ತಿರಕ್ಕೂ ಇವು ಬರಲ್ಲ.

ಜಾಗ ಇನ್ನೊಂದು. ಮೆಟ್ರೋ, ವಿಮಾನ ನಿಲ್ದಾಣ, ಕೋರ್ಟು, ದೊಡ್ಡ ಮಾಲು, ಇಲ್ಲೆಲ್ಲ ಅಲಗು ಸಣ್ಣದೋ ದೊಡ್ಡದೋ ಅಂತ ಅಳೆಯುತ್ತಾ ಕೂರಲ್ಲ, ಚಾಕು ಅಂದರೆ ಚಾಕು. ವಾದ ಮಾಡಿ ಪ್ರಯೋಜನವಿಲ್ಲ, ಮಾಡಲೂ ಬಾರದು, ನಮ್ಮ ಹಿಂದೆ ನೂರು ಜನ ಕಾಯುತ್ತಿರುತ್ತಾರೆ. ವಿಮಾನದಲ್ಲಿ ಹೋಗುವಾಗ ಚಾಕು ಚೆಕ್-ಇನ್ ಲಗೇಜಿಗೇ ಹೋಗಬೇಕು. ಕೈಚೀಲದಲ್ಲಿ ಮರೆತರೆ ಅಲ್ಲೇ ಬಿಟ್ಟು ಹೋಗೋದೇ. ನಾನು ಹಾಗೆ ಒಂದು ಕ್ಲಾಸಿಕ್ ಕಳೆದುಕೊಂಡಿದ್ದೇನೆ, ಅಕ್ಕ ಕೊಟ್ಟಿದ್ದು, ಇವತ್ತಿಗೂ ಬೇಜಾರಿದೆ. ಊರಲ್ಲಿ ನಿಷೇಧಾಜ್ಞೆ ಹಾಕಿದ್ದಾಗಲೂ ಮನೆಯಲ್ಲೇ ಇಟ್ಟುಬಿಡಿ.

ಅದಕ್ಕೇ ನನ್ನ ಸಲಹೆ, ಮೆಟ್ರೋ ದಿನಗಳಲ್ಲಿ ಚಾಕು ಬೇಡ. ಆಫೀಸಿನ ಡ್ರಾಯರಿನಲ್ಲಿ ಒಂದು ಸಾದಾ ಕತ್ತರಿ ಇಡಿ, ಮುಗಿಯಿತು. ಒಳ್ಳೆ ಚಾಕು ಊರಿಗೆ, ಪ್ರಯಾಣಕ್ಕೆ, ಶನಿವಾರ ಭಾನುವಾರಕ್ಕೆ.

ಮ್ಯಾಂಚೆಸ್ಟರ್ ಕನ್ನಡತಿ

ಇಲ್ಲಿಂದ ಚಾಕು ತರಿಸಿಕೊಳ್ಳುವವರು, ಇಲ್ಲಿಗೆ ಬರುವವರು ಒಂದು ವಿಷಯ ತಿಳಿದಿರಿ. ಬ್ರಿಟನ್ನಿನಲ್ಲಿ ಕಾರಣ ಕೊಡದೆ ಕಿಸೆಯಲ್ಲಿ ಇಟ್ಟುಕೊಳ್ಳಬಹುದಾದ್ದು ಮಡಚುವ ಚಾಕು ಮಾತ್ರ. ಅದರ ಬಾಯಿ 3 ಅಂಗುಲದೊಳಗಿರಬೇಕು, ತೆರೆದಮೇಲೆ ಲಾಕ್ ಆಗುವಂಥದ್ದಾಗಿರಬಾರದು. ನಮ್ಮ ಮನೆಯವರು ಭಾರತದಿಂದ ತಂದ ಸ್ಕೆಲಿಟೂಲ್ ಲಾಕ್ ಆಗುತ್ತದೆ, ಹಾಗಾಗಿ ಅದು ಮನೆಯ ಟೂಲ್‌ಬಾಕ್ಸಿನಲ್ಲೇ ಉಳಿದಿದೆ. ಕೆಲಸಕ್ಕೆ ಬೇಕು ಅನ್ನುವ ಸರಿಯಾದ ಕಾರಣವಿದ್ದರೆ ಮಾತು ಬೇರೆ. ಸುಮ್ನೆ ಕಿಸೆಯಲ್ಲಿಟ್ಟುಕೊಂಡು ಪೇಟೆ ಸುತ್ತುವ ಹಾಗಿಲ್ಲ. ಸಾದಾ ಸ್ವಿಸ್ ಚಾಕುವಿಗೆ ಲಾಕ್ ಇರಲ್ಲ, ಸ್ಪ್ರಿಂಗ್ ಒತ್ತಡದಲ್ಲಿ ನಿಂತಿರುತ್ತದೆ, ಅದಕ್ಕೆ ತೊಂದರೆ ಇಲ್ಲ.

ಸ್ಟುಟ್‌ಗಾರ್ಟ್ ಸೈಕಲ್

ಜರ್ಮನಿಯಲ್ಲೂ ಹೆಚ್ಚು ಕಡಿಮೆ ಇದೇ ಯೋಚನೆ. ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನು ಸರಿಯಾದ ಕಾರಣವಿಲ್ಲದೆ ಹೊರಗೆ ಒಯ್ಯುವಂತಿಲ್ಲ. 2024ರ ಕೊನೆಯಲ್ಲಿ ನಿಯಮ ಇನ್ನೂ ಬಿಗಿಯಾಯಿತು, ಜಾತ್ರೆ, ಸಾರ್ವಜನಿಕ ಉತ್ಸವಗಳಿಗೆ ಚಾಕು ಒಯ್ಯುವುದನ್ನೇ ನಿಲ್ಲಿಸಿದರು. ಎರಡೂ ಕೈಯಿಂದ ಉಗುರು ಹಾಕಿ ತೆರೆಯುವ ಸ್ವಿಸ್ ಚಾಕು ಹಿಂದುಳಿದದ್ದು ಅಂತ ಕೆಲವರು ಹೇಳುತ್ತಾರೆ. ನನಗೆ ಅದೇ ಅದರ ದೊಡ್ಡ ಗುಣ ಅನ್ನಿಸಿದೆ. ಯಾರೂ ಅದನ್ನು ನೋಡಿ ಗಾಬರಿಯಾಗಲ್ಲ.

ಹುಬ್ಬಳ್ಳಿ ಗ್ಯಾರೇಜ್

ಗಾಬರಿ ಮಾತು ಬಿಡ್ರಿ, ಲಾಕ್ ಇಲ್ಲದ ಚಾಕು ಬೆರಳ ಮೇಲೆ ಮಡಚಿಕೊಂಡರೆ? ನಮ್ಮ ಹುಡುಗನೊಬ್ಬನಿಗೆ ಆಗಿದೆ, ಮೂರು ಹೊಲಿಗೆ.

ಕಿಸೆಗತ್ತಿ

ನೀವು ಹೇಳೋದು ನಿಜ ಅಣ್ಣ, ಇದನ್ನು ಹಗುರವಾಗಿ ತಗೊಳ್ಳಬಾರದು. ಅವನು ತುದಿಯಿಂದ ಚುಚ್ಚಿ ಒತ್ತುತ್ತಿದ್ದನಾ, ಕೇಳಿ ನೋಡಿ. ಲಾಕ್ ಇಲ್ಲದ ಚಾಕು ಮಡಚಿಕೊಳ್ಳುವುದು ಹೆಚ್ಚಾಗಿ ಹಾಗೆ. ತುದಿಯಿಂದ ರಂಧ್ರ ಮಾಡಲು ಹೋದಾಗ, ಇಲ್ಲ ಅಲಗು ಸಿಕ್ಕಿಕೊಂಡು ಬೆನ್ನಿನ ಕಡೆಗೆ ಒತ್ತಡ ಬಿದ್ದಾಗ. ಬಾಯಿಯ ಕಡೆಗೆ ಒತ್ತಿ ಕೊಯ್ಯುವಾಗ ಅದು ಇನ್ನಷ್ಟು ತೆರೆಯಲು ನೋಡುತ್ತದೆಯೇ ಹೊರತು ಮಡಚಿಕೊಳ್ಳಲ್ಲ. ರಂಧ್ರ ಬೇಕಾದರೆ ದಬ್ಬಳ ಇರುವ ಮಾಡೆಲ್ ತಗೊಳ್ಳಿ, ಚಾಕುವಿನ ತುದಿಯನ್ನು ಆ ಕೆಲಸಕ್ಕೆ ಹಚ್ಚಬೇಡಿ. ಮಕ್ಕಳ ಕೈಗೆ ಕೊಡುವಾಗಲೂ ಮೊದಲು ಹೇಳಿಕೊಡಬೇಕಾದ ಪಾಠ ಇದೇ.

ಸಾಗರದ ಹುಡುಗ

ಎರಡು ವಾರ ಆಯಿತು. ಪಟ್ಟಿ ಹಾಕುತ್ತಿದ್ದೇನೆ. ಒಟ್ಟು 23 ಸಲ ಬರೆದುಕೊಂಡಿದ್ದೇನೆ, ಬೆಂಗಳೂರಿನಲ್ಲಿ 9, ಊರಿನ ಮೂರೇ ದಿನದಲ್ಲಿ 14.

ಬೆಂಗಳೂರಿನದ್ದು ಪೂರ್ತಿ ಸಪ್ಪೆ. ಕೊರಿಯರ್ ಡಬ್ಬಿ, ಬಟ್ಟೆಯ ಬೆಲೆಚೀಟಿ, ಬಿಸ್ಕತ್ ಪ್ಯಾಕೆಟ್, ರಿಮೋಟಿನ ಬ್ಯಾಟರಿ ಮುಚ್ಚಳದ ಸಣ್ಣ ಸ್ಕ್ರೂ. ಊರಿನದ್ದು ನೋಡಿ ನನಗೇ ಆಶ್ಚರ್ಯ ಆಯಿತು. ನಾನು ಅಂದುಕೊಂಡಿದ್ದು ತೋಟದಲ್ಲಿ ಚಾಕು ಬೇಕಾಗುತ್ತೆ ಅಂತ. ಬೇಕಾಗಿದ್ದು ನಾಲ್ಕೇ ಸಲ. ಎರಡು ಸಲ ಬಾಳೆ ನಾರು, ಒಂದು ಸಲ ಸ್ಪ್ರಿಂಕ್ಲರ್ ಪೈಪಿನ ತುದಿ, ಒಂದು ಸಲ ಪೇರಲೆ ಹಣ್ಣು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು ಕತ್ತರಿ ಬೇಕಿತ್ತು. ಸರಿಯಾದ ಕಡೆಯ ಗಂಟು ಕತ್ತರಿಸಿ ಎಳೆದರೆ ದಾರ ಸರ್ರಂತ ಬಿಟ್ಟುಕೊಳ್ಳುತ್ತದೆ, ಚೀಲ ಹರಿಯಲ್ಲ, ಮತ್ತೆ ಬಳಕೆಗೆ ಬರುತ್ತದೆ. ಚಾಕು ಹಾಕಿದರೆ ಚೀಲವೇ ಸೀಳುತ್ತದೆ.

ಐದು ಸಲ ಬರೆದದ್ದು ಒಂದೇ ವಸ್ತು, ಚಿಮಟ. ಅಡಿಕೆ ದಬ್ಬೆಯ ಸಿಬಿರು ಕೈಗೆ ಹೊಕ್ಕಿದ್ದು. ನನಗೆ ಮೂರು, ಅಪ್ಪನಿಗೆ ಒಂದು, ಕೆಲಸಕ್ಕೆ ಬಂದ ಅಣ್ಣನಿಗೆ ಒಂದು. ಅಪ್ಪ ಸೇಫ್ಟಿ ಪಿನ್ನಿನಿಂದ ಕೆದಕಿ ಕೆದಕಿ ತೆಗೆದರು, ಮರುದಿನ ಊದಿತ್ತು. ಇನ್ನೊಂದು, ಅಪ್ಪನ ಕನ್ನಡಕದ ಕಡ್ಡಿಯ ಸ್ಕ್ರೂ ಸಡಿಲ. ಅದನ್ನು ದಾರ ಕಟ್ಟಿಕೊಂಡು ಎಷ್ಟು ದಿನದಿಂದ ಹಾಕಿಕೊಳ್ಳುತ್ತಿದ್ದರೋ, ನಾನು ಈ ಪಟ್ಟಿ ಬರೆಯಲು ಕೂತಾಗಲೇ ಅದು ಕಣ್ಣಿಗೆ ಬಿತ್ತು.

ಇಕ್ಕಳ ಬೇಕು ಅನ್ನಿಸಿದ್ದು ಒಂದು ಸಲ, ಬೇಲಿ ತಂತಿಗೆ. ಗ್ಯಾರೇಜ್ ಅಣ್ಣ, ಮನೆಯ ಕಟಿಂಗ್ ಪ್ಲೇಯರ್ ತಂದು ಮಾಡಿದೆ.

ಹುಬ್ಬಳ್ಳಿ ಗ್ಯಾರೇಜ್

ಹಂಗಾರ ನಿಮಗ ಇಕ್ಕಳ ಬ್ಯಾಡ. ಒಪ್ಪಿದೆ. ಪಟ್ಟಿ ನೋಡಿದಮೇಲೆ ವಾದ ಇಲ್ಲ.

ಕಿಸೆಗತ್ತಿ

ಇದಕ್ಕೇ ನಾನು ಕಾಯುತ್ತಿದ್ದೆ. ಚಿಮಟ, ಕತ್ತರಿ, ಒಂದು ಅಲಗು, ಸಣ್ಣ ಸ್ಕ್ರೂಡ್ರೈವರ್. ಇದೇ ನಿಮ್ಮ ಚಾಕು. ಈಗ ಮಾಡೆಲ್ ಮಾತಾಡಬಹುದು.

ವಿಕ್ಟೋರಿನಾಕ್ಸ್‌ನಲ್ಲಿ ಉದ್ದದ ಲೆಕ್ಕ ಮೊದಲು. 58 ಮಿಮೀ ಅಂದರೆ ಬೀಗದ ಕೈ ಗೊಂಚಲಿನ ಸೈಜು, 84 ನಡುವಿನದು, 91 ಅಂಗೈ ಅಗಲದ್ದು. ಕ್ಲಾಸಿಕ್ ಎಸ್‌ಡಿ 58ರ ಗುಂಪಿನದು. ಸಣ್ಣ ಅಲಗು, ಕತ್ತರಿ, ತುದಿಯಲ್ಲಿ ಸ್ಕ್ರೂಡ್ರೈವರ್ ಇರುವ ಉಗುರು ಅರ, ಚಿಮಟ, ಹಲ್ಲುಕಡ್ಡಿ. 21 ಗ್ರಾಂಗೆ ಇದಕ್ಕಿಂತ ಜಾಸ್ತಿ ಕೇಳಬಾರದು. ಆದರೆ ಅಲಗು ಬೆರಳ ಗೆಣ್ಣಿನಷ್ಟೇ ಉದ್ದ. ಪೇರಲೆ ಕೊಯ್ಯಬಹುದು, ಸ್ಪ್ರಿಂಕ್ಲರ್ ಪೈಪಿಗೆ ಸಾಲದು.

ಕ್ಯಾಡೆಟ್ 84 ಮಿಮೀ, ಸುಮಾರು 46 ಗ್ರಾಂ, ಅಲ್ಯುಮಿನಿಯಂ ಹಿಡಿ. ನೋಡಲು ನನಗೆ ಎಲ್ಲಕ್ಕಿಂತ ಚಂದ ಕಂಡ ಚಾಕು ಅದು, ತೆಳ್ಳಗೆ, ಕಿಸೆಯಲ್ಲಿ ಇದೆ ಅಂತಲೇ ತಿಳಿಯಲ್ಲ. ಬಹಳ ಜನ ಕಣ್ಣುಮುಚ್ಚಿ ಅದನ್ನೇ ಹೇಳುತ್ತಾರೆ. ಆದರೆ ಅದರಲ್ಲಿ ಕತ್ತರಿಯೂ ಇಲ್ಲ, ಚಿಮಟವೂ ಇಲ್ಲ. ಆ ಲೋಹದ ಹಿಡಿಯಲ್ಲಿ ಚಿಮಟ ತೂರಿಸುವ ಜಾಗ ಬಿಟ್ಟಿಲ್ಲ. ನಿಮ್ಮ ಪಟ್ಟಿಯ ಅರ್ಧ ಅಲ್ಲಿಗೇ ಬಿದ್ದುಹೋಯಿತು.

ಸ್ಪಾರ್ಟನ್ 60 ಗ್ರಾಂ ಹತ್ತಿರ. ದೊಡ್ಡ ಅಲಗು, ಸಣ್ಣ ಅಲಗು, ಚಿಮಟ, ದಬ್ಬಳ ಎಲ್ಲ ಇದೆ, ಕತ್ತರಿ ಇಲ್ಲ. ಕ್ಲೈಂಬರ್‌ನಲ್ಲಿ ಕತ್ತರಿಯೂ ಇದೆ, 82 ಗ್ರಾಂ ಆಗುತ್ತದೆ, ಒಂದು ಪದರ ದಪ್ಪ.

ನಿಮಗೆ ಹೊಂದುವುದು ಕಾಂಪ್ಯಾಕ್ಟ್. 91 ಮಿಮೀ, 64 ಗ್ರಾಂ ಆಸುಪಾಸು. ಒಂದು ಸಾಲಿನಲ್ಲಿ ದೊಡ್ಡ ಅಲಗು ಮತ್ತು ಬಾಟಲಿ ಮುಚ್ಚಳ, ಡಬ್ಬಿ, ಸ್ಕ್ರೂ ಎಲ್ಲವನ್ನೂ ನೋಡಿಕೊಳ್ಳುವ ಒಂದೇ ಕಡ್ಡಿ, ಇನ್ನೊಂದು ಸಾಲಿನಲ್ಲಿ ಕತ್ತರಿ. ಹಿಂದೆ ಕಾರ್ಕ್ ತೆಗೆಯುವ ಸುರುಳಿ ಮತ್ತು ಕೊಕ್ಕೆ. ಹಿಡಿಯೊಳಗೆ ಚಿಮಟ, ಹಲ್ಲುಕಡ್ಡಿ, ಗುಂಡುಪಿನ್ನು, ಒಂದು ಸಣ್ಣ ಪೆನ್ನು. ಎರಡೇ ಸಾಲು, ಅದಕ್ಕೇ ತೆಳು.

ಇಲ್ಲಿ ಒಂದು ಹಳೇ ಬುದ್ಧಿವಂತಿಕೆ ಹೇಳದೆ ಇರಲಾರೆ. ಕಾರ್ಲ್ ಎಲ್ಸೆನರ್ ಸ್ವಿಟ್ಜರ್ಲೆಂಡಿನ ಈಬಾಕ್‌ನಲ್ಲಿ ಕಾರ್ಖಾನೆ ಇಟ್ಟದ್ದು 1884ರಲ್ಲಿ. 1891ರಿಂದ ಅಲ್ಲಿನ ಸೈನ್ಯಕ್ಕೆ ಚಾಕು ಕೊಟ್ಟರು. ಆ ಸೈನಿಕರ ಚಾಕು ಗಟ್ಟಿ, ಆದರೆ ಭಾರ. 1897ರಲ್ಲಿ ಅವರು ಅಧಿಕಾರಿಗಳ ಚಾಕು ಅಂತ ಒಂದು ಹಗುರದ್ದನ್ನು ಮಾಡಿದರು. ಅದರ ಗುಟ್ಟು ಏನೆಂದರೆ ಒಂದೇ ಸ್ಪ್ರಿಂಗ್ ಪಟ್ಟಿ ಮುಂದಿನ ಸಾಧನಗಳನ್ನೂ ಹಿಡಿಯುತ್ತದೆ, ಬೆನ್ನಿನ ಸಾಧನಗಳನ್ನೂ ಹಿಡಿಯುತ್ತದೆ. ನೂರಿಪ್ಪತ್ತು ವರ್ಷ ದಾಟಿದರೂ ನಿಮ್ಮ ಕಾಂಪ್ಯಾಕ್ಟ್ ತೆಳ್ಳಗಿರೋದು ಅದೇ ಉಪಾಯದಿಂದ. ಹೆಸರಿನಲ್ಲಿರುವ ವಿಕ್ಟೋರಿಯಾ ಅವರ ತಾಯಿ, ಇನಾಕ್ಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಕರಾವಳಿಯವರ ಚಿಂತೆಗೆ ಉತ್ತರ ಹೆಸರಿನಲ್ಲೇ ಇದೆ.

ಕನ್ನಡಕದ ವಿಷಯ. ಆ ಸುರುಳಿಯನ್ನು ನೋಡಿ "ನಾವು ವೈನ್ ಬಾಟಲಿ ಎಲ್ಲಿ ತೆರೆಯುತ್ತೇವೆ" ಅಂತ ಎಲ್ಲರೂ ಬೈಯುತ್ತಾರೆ. ಆ ಸುರುಳಿಯೊಳಗೆ ತಿರುಗಿಸಿ ಕೂರಿಸುವ ಒಂದು ಪುಟ್ಟ ಸ್ಕ್ರೂಡ್ರೈವರ್ ಇದೆ, ಬೇರೆಯಾಗಿ ಕೊಳ್ಳಲೂ ಸಿಗುತ್ತದೆ. ಅದು ಕನ್ನಡಕದ ಸ್ಕ್ರೂಗೆ ಅಂತಲೇ ಇರೋದು. ಬಿಗಿದ ಹಗ್ಗದ ಗಂಟು ಬಿಡಿಸಲೂ ಆ ಸುರುಳಿಯಷ್ಟು ಒಳ್ಳೇ ಸಾಧನ ಇನ್ನೊಂದಿಲ್ಲ.

ಚಾರಣದ ಗೆಳತಿ

ಕೊಳ್ಳುವಾಗ ನಕಲಿಯ ಬಗ್ಗೆ ಎಚ್ಚರ. ಕೆಂಪು ಹಿಡಿ, ಬಿಳಿ ಶಿಲುಬೆ ಇದ್ದಮಾತ್ರಕ್ಕೆ ಅಸಲಿ ಅಲ್ಲ. ದೊಡ್ಡ ಅಲಗು ತೆರೆದು ಬುಡದಲ್ಲಿ ಕಂಪನಿಯ ಹೆಸರು ಅಚ್ಚಾಗಿದೆಯಾ ನೋಡಿ. ಎಲ್ಲ ಸಾಧನ ತೆರೆದು ಮುಚ್ಚಿ, ಪ್ರತಿಯೊಂದೂ ಟಪ್ ಅಂತ ಕೂರಬೇಕು, ಅಕ್ಕಪಕ್ಕ ಅಲ್ಲಾಡಬಾರದು. ಕತ್ತರಿಯನ್ನು ತೆಳು ಪ್ಲಾಸ್ಟಿಕ್ ಕವರಿನ ಮೇಲೆ ಪ್ರಯತ್ನಿಸಿ. ನಕಲಿ ಕತ್ತರಿ ಅದನ್ನು ಕತ್ತರಿಸಲ್ಲ, ಮಡಚಿ ನುಂಗುತ್ತದೆ.

ಸಾಗರದ ಹುಡುಗ

ಕಾಂಪ್ಯಾಕ್ಟ್ ಬಂತು! ಶನಿವಾರ ಊರಿಗೆ ತಗೊಂಡು ಬಂದೆ. ಮೊದಲ ಕೆಲಸ ಅಪ್ಪನ ಕನ್ನಡಕ. ಪುಟ್ಟ ಸ್ಕ್ರೂಡ್ರೈವರ್ ಸೇರಿಸಿ ಎರಡು ಸುತ್ತು ತಿರುಗಿಸಿದೆ ಅಷ್ಟೇ, ಕಡ್ಡಿ ಬಿಗಿಯಾಯಿತು. ಅಪ್ಪ ದಾರ ಬಿಚ್ಚಿ ಮಡಚಿ ಕಿಟಕಿ ಮೇಲೆ ಇಟ್ಟರು, ಪೇಪರ್ ತೆಗೆದುಕೊಂಡು ಓದಲು ಕೂತರು. ಸಂಜೆಯೊಳಗೆ ಎರಡು ಸಿಬಿರು ತೆಗೆದದ್ದೂ ಆಯಿತು. ಚಿಮಟದ ತುದಿ ಓರೆಯಾಗಿದೆ, ಸಿಬಿರಿನ ಬಾಲ ಸ್ವಲ್ಪ ಕಂಡರೂ ಸಾಕು, ಹಿಡಿದುಕೊಳ್ಳುತ್ತದೆ.

ಒಂದು ತೊಂದರೆ ಆಗಿದೆ. ಹಲಸಿನ ಹಣ್ಣಿನ ಒಂದು ತುಂಡು ಇದರಲ್ಲೇ ಬಿಡಿಸಿದೆ, ಮೇಣ ಹಿಡಿದುಬಿಟ್ಟಿದೆ. ಅಲಗು ತೆರೆಯೋದೇ ಕಷ್ಟ. ಸೋಪು ಹಾಕಿ ತೊಳೆದೆ, ಹೋಗಲಿಲ್ಲ. ಏನು ಮಾಡಲಿ?

ಕರಾವಳಿ ಮೆಟ್ಟುಕತ್ತಿ

ಅಯ್ಯೋ, ಹಲಸಿಗೆ ಮೊದಲೇ ಎಣ್ಣೆ ಸವರಬೇಕಿತ್ತಲ್ಲ! ಮನೆಯಲ್ಲಿ ಅಮ್ಮ ಕೈಗೂ ಕತ್ತಿಗೂ ಸವರುವುದಿಲ್ಲವಾ, ಹಾಗೇ. ಪರವಾಗಿಲ್ಲ, ಹೋಗುತ್ತದೆ. ಅಲಗು ತೆರೆದು ಬುಡಕ್ಕೆ, ಸಂದಿಗೆ ತೆಂಗಿನೆಣ್ಣೆ ಬಿಡಿ. ಹತ್ತು ನಿಮಿಷ ಬಿಟ್ಟು ಹತ್ತಿಬಟ್ಟೆಯಿಂದ ಒರೆಸಿ. ಮೇಣ ನೀರಿಗೆ ಜಗ್ಗಲ್ಲ, ಎಣ್ಣೆಗೆ ಬಿಡುತ್ತದೆ. ಎರಡು ಮೂರು ಸಲ ಮಾಡಬೇಕಾದೀತು.

ಕಿಸೆಗತ್ತಿ

ಹೌದು, ಅದೇ ಸರಿ. ಆದರೆ ತೆಂಗಿನೆಣ್ಣೆ ಅಲ್ಲೇ ಉಳಿಯಲು ಬಿಡಬೇಡಿ, ಚಳಿಯಲ್ಲಿ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಮೇಣ ಹೋದಮೇಲೆ ಒಂದು ಬಟ್ಟಲಲ್ಲಿ ಬಿಸಿನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಚಾಕುವನ್ನು ಅದರೊಳಗೇ ಹತ್ತು ಸಲ ತೆರೆದು ಮುಚ್ಚಿ. ಚಿಮಟ, ಪೆನ್ನು ಮೊದಲೇ ತೆಗೆದಿಡಿ. ಒರೆಸಿ, ಎಲ್ಲ ಸಾಧನ ಅರ್ಧ ತೆರೆದು ಗಾಳಿಗೆ ಒಣಗಿಸಿ. ಆಮೇಲೆ ಪ್ರತಿ ಕೀಲಿಗೂ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಜಾಸ್ತಿಯಾದದ್ದನ್ನು ಒರೆಸಿಬಿಡಿ. ಹಣ್ಣು ಕೊಯ್ಯುವ ಮೊದಲು ಅಲಗನ್ನು ಒಂದು ಸಲ ತೊಳೆಯಿರಿ.

ಹರಿತದ ಮಾತೂ ಈಗಲೇ ಹೇಳಿಬಿಡುತ್ತೇನೆ. ಮೊಂಡಾಯಿತು ಅಂತ ಬೀದಿಯಲ್ಲಿ ಬರುವ ಸಾಣೆ ಚಕ್ರಕ್ಕೆ ಕೊಡಬೇಡಿ. ಆ ಚಕ್ರಕ್ಕೆ ಮಚ್ಚು, ಕುಡುಗೋಲು ಸರಿ. ಈ ತೆಳು ಅಲಗು ಕಿಡಿ ಹಾರುವಷ್ಟು ಕಾದರೆ ಹದ ಕೆಡುತ್ತದೆ, ಅರ್ಧ ಮಿಲಿಮೀಟರ್ ಸವೆದೂ ಹೋಗುತ್ತದೆ. ಮನೆಯಲ್ಲಿ ಪಿಂಗಾಣಿ ಕಪ್ಪು ಇದೆಯಲ್ಲ, ಅದನ್ನು ಬೋರಲು ಹಾಕಿದರೆ ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಕಾಣುತ್ತದೆ. ಅದೇ ಸಾಣೆಕಲ್ಲು. ಅಲಗನ್ನು ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ವಾಲಿಸಿ, ಮತ್ತೆ ಅದರ ಅರ್ಧಕ್ಕೆ ವಾಲಿಸಿ, ಇನ್ನು ಒಂದು ಕೂದಲು ಕೆಳಗೆ. ಸುಮಾರು 20 ಡಿಗ್ರಿ ಆಯಿತು. ಆ ಕೋನ ಬಿಡದೆ ಬುಡದಿಂದ ತುದಿಗೆ ಹಗುರವಾಗಿ ಎಳೆಯಿರಿ, ಒಂದು ಬದಿಗೆ ಒಂದು, ಇನ್ನೊಂದು ಬದಿಗೆ ಒಂದು. ಹತ್ತು ಹತ್ತು ಸಾಕು. ಪೇಪರ್ ಹಾಳೆ ನೇತಾಡಿಸಿ ಕೊಯ್ದು ನೋಡಿ, ತಡೆಯದೆ ಇಳಿಯಬೇಕು. ಈ ಸ್ಟೀಲ್ ತುಂಬಾ ಗಡುಸಲ್ಲ. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ನಮಗೆ ಅದೇ ಅನುಕೂಲ.

ಸಾಗರದ ಹುಡುಗ

ಮೇಣ ಹೋಯಿತು! ಎರಡನೇ ಸಲಕ್ಕೇ ಬಿಟ್ಟಿತು, ಈಗ ಹೊಸದರ ಹಾಗೆ ಟಪ್ ಅನ್ನುತ್ತಿದೆ. ಇಬ್ಬರಿಗೂ ಧನ್ಯವಾದ.

ಊರಲ್ಲಿ ಲುಂಗಿ ಉಟ್ಟಾಗ ಕಿಸೆ ಇರಲ್ಲ. ಅಪ್ಪ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುವವರು, "ಇದನ್ನೂ ಕಟ್ಟಿಕೋ" ಅಂದರು. 64 ಗ್ರಾಂ ಎದೆ ಮೇಲೆ ಹೊಡೆಯುತ್ತಿತ್ತು, ಆಗಲಿಲ್ಲ. ಈಗ ಕಿಸೆ ಇರುವ ಚಡ್ಡಿ ಹಾಕಿಕೊಂಡೇ ತೋಟಕ್ಕಿಳಿಯುತ್ತಿದ್ದೇನೆ.

ಕೊನೆಗೆ ಒಂದು ಪ್ರಶ್ನೆ ಉಳಿದಿದೆ. ಬೆನ್ನಿನಲ್ಲಿರುವ ಆ ಕೊಕ್ಕೆ ಯಾತಕ್ಕೆ?

ಕಿಸೆಗತ್ತಿ

ಹಗ್ಗ ಕಟ್ಟಿದ ಕಟ್ಟು ಎತ್ತಿಕೊಂಡು ಹೋಗಲು. ಬಾಳೆ ಎಲೆಯ ಕಟ್ಟನ್ನು ಸಣಬಿನ ದಾರದಲ್ಲಿ ಹಿಡಿದು ನಡೆದರೆ ಹತ್ತು ಹೆಜ್ಜೆಗೆ ಬೆರಳು ಕೊಯ್ಯುತ್ತದೆ ಅಲ್ವಾ? ಕೊಕ್ಕೆ ತೆರೆದು ದಾರಕ್ಕೆ ಸಿಕ್ಕಿಸಿ, ಚಾಕುವಿನ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಭಾರ ಅಂಗೈಗೆ ಬರುತ್ತದೆ. ಅಲಗು ಮಾತ್ರ ಮುಚ್ಚಿರಲಿ.

ಸಾಗರದ ಹುಡುಗ

ನಾಳೆ ಅತ್ತೆ ಮನೆಗೆ ಎರಡು ಕಟ್ಟು ಎಲೆ ಕೊಡಬೇಕಿದೆ. ಹೊತ್ತು ನೋಡಿ ಹೇಳುತ್ತೇನೆ.